ಮಂಜುಗಡ್ಡೆಯ ಮೇಲೊಂದು ಪಾಲುಪಟ್ಟಿ

ಹಾಕಿ ಎಂದರೆ ಹುಲ್ಲಿನ ಮೇಲೆ ಆಡುವ ಆಟ ಎಂದೇ ಐವತ್ತೆಂಟು ವರ್ಷ ನಂಬಿಕೊಂಡು ಬಂದವಳು ನಾನು. 2010ರ ಚಳಿಗಾಲದಲ್ಲಿ ಮಗಳ ಮನೆಗೆ ಹೋದಾಗ ಆ ನಂಬಿಕೆ ಜಾರಿ ಬಿತ್ತು. ನಾನೂ ಎರಡು ಸಲ ಜಾರಿ ಬಿದ್ದೆ, ಅದು ಬೇರೆ ಮಾತು.

ಮಗಳು ಡಾಕ್ಟರು. ಅವಳಿಗೆ ಕೆಲಸ ಸಿಕ್ಕಿದ್ದು ನಾವು ಹೆಸರು ಕೇಳಿದ ನ್ಯೂಯಾರ್ಕಿನಲ್ಲೂ ಅಲ್ಲ, ಚಿಕಾಗೋದಲ್ಲೂ ಅಲ್ಲ. ಮಿನ್ನೆಸೋಟಾ ರಾಜ್ಯದ ಉತ್ತರಕ್ಕಿರುವ ಬೆಮಿಜಿ ಎಂಬ ಊರಿನಲ್ಲಿ. ಹದಿನೈದು ಸಾವಿರ ಜನ. ಮಿಸಿಸಿಪ್ಪಿ ನದಿ ಇನ್ನೂ ಚಿಕ್ಕ ಹುಡುಗಿಯಂತೆ ಹರಿಯುವ ಜಾಗ. ಊರ ಮಗ್ಗುಲಿನ ಕೆರೆ ಚಳಿ ಶುರುವಾಯಿತೆಂದರೆ ಕಲ್ಲು. ಆ ಕಲ್ಲಿನ ಮೇಲೆ ನಡೆಯಲು ಕಲಿಯುವ ಮಗುವಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಕಾಲಿಗೆ ಬ್ಲೇಡು ಕಟ್ಟಿಕೊಂಡು ಓಡಾಡುತ್ತಾರೆ. ನನ್ನ ಮೂರು ವರ್ಷದ ಮೊಮ್ಮಗಳಿಗೂ ಒಂದು ಜೊತೆ ಕಟ್ಟಿದ್ದರು. ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ.

ಆಗ ಊರೆಲ್ಲ ಒಂದೇ ಸುದ್ದಿ. ಹಿಂದಿನ ವರ್ಷ, ಅಂದರೆ 2009ರಲ್ಲಿ, ಅಲ್ಲಿನ ಬೆಮಿಜಿ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರು ರಾಷ್ಟ್ರೀಯ ಪಂದ್ಯಾವಳಿಗೆ ಹದಿನಾರು ತಂಡಗಳಲ್ಲಿ ಹದಿನಾರನೆಯವರಾಗಿ ಹೋಗಿ, ನೋಟರ್‌ಡೇಮ್‌ನಂಥ ಹೆಸರಾಂತ ತಂಡವನ್ನು 5-1ರಿಂದ, ಕಾರ್ನೆಲ್ಲನ್ನು 4-1ರಿಂದ ಸೋಲಿಸಿ ಕೊನೆಯ ನಾಲ್ವರಲ್ಲಿ ಒಬ್ಬರಾಗಿದ್ದರು. ಅದೇ ಹುಮ್ಮಸ್ಸಿನಲ್ಲಿ ಊರು ಸಾಲ ಸೋಲ ಮಾಡಿ ಕೆರೆಯ ದಂಡೆಯಲ್ಲಿ ಒಂದು ದೊಡ್ಡ ಕ್ರೀಡಾಮಂದಿರ ಕಟ್ಟಿಸಿತು. 2010ರ ಅಕ್ಟೋಬರಿನಲ್ಲಿ ಅದರ ಬಾಗಿಲು ತೆರೆಯಿತು. ಯಾಕೆಂದರೆ ಆ ವರ್ಷವೇ ಬೆಮಿಜಿಗೆ ದೊಡ್ಡ ಮನೆಯ ಸಂಬಂಧ ಕುದುರಿತ್ತು: ಡಬ್ಲ್ಯುಸಿಎಚ್‌ಎ ಎಂಬ ಹಳೆಯ, ಗೌರವದ ಒಕ್ಕೂಟಕ್ಕೆ ಅದನ್ನು ಸೇರಿಸಿಕೊಂಡಿದ್ದರು.

ಈ ಒಕ್ಕೂಟದ ವಿಷಯ ಸ್ವಲ್ಪ ಹೇಳಬೇಕು. ಅಮೆರಿಕದ ಕಾಲೇಜು ತಂಡಗಳು ಹತ್ತು ಹನ್ನೆರಡು ಸೇರಿ ಒಂದೊಂದು ಒಕ್ಕೂಟ ಮಾಡಿಕೊಳ್ಳುತ್ತವೆ. ಕಾನ್ಫರೆನ್ಸ್ ಎಂದು ಹೆಸರು. ಅದೊಂದು ಕೂಡುಕುಟುಂಬ. ಈ ವಾರ ನೀವು ನಮ್ಮಲ್ಲಿಗೆ ಬನ್ನಿ, ಶುಕ್ರವಾರ ಶನಿವಾರ ಎರಡು ಆಟ. ಇನ್ನೊಂದು ವಾರ ನಾವು ನಿಮ್ಮಲ್ಲಿಗೆ ಬರುತ್ತೇವೆ. ಒಕ್ಕೂಟದಲ್ಲಿದ್ದರೆ ಐವತ್ತು ಸಾವಿರ ವಿದ್ಯಾರ್ಥಿಗಳ ಮಿನ್ನೆಸೋಟಾ ವಿಶ್ವವಿದ್ಯಾಲಯವೂ ಐದು ಸಾವಿರದ ಬೆಮಿಜಿಯ ಅಂಗಳಕ್ಕೆ ಬರಲೇಬೇಕು. ಅವರು ಬಂದ ದಿನ ಊರಿಗೆ ಜಾತ್ರೆ. ಹೋಟೆಲು ಭರ್ತಿ, ಟಿಕೆಟಿಲ್ಲ, ಮಗಳ ಆಸ್ಪತ್ರೆಯ ನರ್ಸುಗಳೆಲ್ಲ ಹಸಿರು ಅಂಗಿ.

ಆ ಜಾತ್ರೆ ನಡೆದದ್ದು ಮೂರೇ ಚಳಿಗಾಲ.

ಮಂದಿರ ತೆರೆಯುವುದಕ್ಕೆ ಒಂದು ತಿಂಗಳು ಮೊದಲು, 2010ರ ಸೆಪ್ಟೆಂಬರಿನಲ್ಲಿ, ಸಾವಿರ ಮೈಲಿ ಆಚೆ ಪೆನ್ಸಿಲ್ವೇನಿಯಾದಲ್ಲಿ ಟೆರಿ ಪೆಗುಲಾ ಎಂಬ ಅನಿಲದ ವ್ಯಾಪಾರಿ ತಾನು ಓದಿದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹಾಕಿ ತಂಡ ಕಟ್ಟಲೆಂದು 8 ಕೋಟಿ 80 ಲಕ್ಷ ಡಾಲರ್ ಕೊಟ್ಟರು. ಕೊಡಲಿ ಬಿಡಿ, ಅವರ ದುಡ್ಡು. ಆದರೆ ಬಿಗ್ ಟೆನ್ ಎಂಬ ಶ್ರೀಮಂತ ವಿಶ್ವವಿದ್ಯಾಲಯಗಳ ಕೂಟಕ್ಕೆ ತನ್ನದೇ ಹಾಕಿ ಲೀಗು ನಡೆಸಲು ಆರು ತಂಡ ಬೇಕಿತ್ತು, ಇದ್ದದ್ದು ಐದು. ಪೆನ್ ಸ್ಟೇಟ್ ಆರನೆಯದಾಯಿತು. 2011ರ ಮಾರ್ಚಿನಲ್ಲಿ ಮಿನ್ನೆಸೋಟಾ, ವಿಸ್ಕಾನ್ಸಿನ್ ನಮ್ಮ ಒಕ್ಕೂಟದಿಂದ ಹೊರಟವು. ಮಿಷಿಗನ್, ಮಿಷಿಗನ್ ಸ್ಟೇಟ್, ಓಹಾಯೋ ಸ್ಟೇಟ್ ಪಕ್ಕದ ಸಿಸಿಎಚ್‌ಎಯಿಂದ. ಹಿರಿಯಣ್ಣ ಪಾಲು ಕೇಳಿದ ಮೇಲೆ ನಡುವಿನವರು ಸುಮ್ಮನಿರುತ್ತಾರೆಯೇ? ಜುಲೈನಲ್ಲಿ ನಾರ್ತ್ ಡಕೋಟಾ, ಡೆನ್ವರ್, ಡುಲೂತ್ ಮುಂತಾದವು ಎನ್‌ಸಿಎಚ್‌ಸಿ ಎಂದು ಬೇರೆ ಒಲೆ ಹೂಡಿದವು. 2013ರಲ್ಲಿ ಪಾಲು ಜಾರಿಗೆ ಬಂತು. ನಮ್ಮ ಒಕ್ಕೂಟದ ಹನ್ನೆರಡರಲ್ಲಿ ಎಂಟು ಹೋದವು, ಉಳಿದದ್ದು ನಾಲ್ಕು. ಸಿಸಿಎಚ್‌ಎ ಎಂಬ ಮನೆಯೇ ಮುಚ್ಚಿತು. ಅಲ್ಲಿ ಯಾರಿಗೂ ಬೇಡವಾದ ಐದು ತಂಡಗಳು ಬಂದು ಈ ನಾಲ್ಕರ ಜೊತೆ ಸೇರಿಕೊಂಡವು.

ಚಪ್ಪರ ಹಾಕಿ, ಸಾಲ ತಂದು, ಎಲೆ ಹಾಸಿದ ಮೇಲೆ ಬೀಗರು ಎದ್ದು ಹೋದ ಹಾಗಾಯಿತು ಬೆಮಿಜಿಯ ಕಥೆ. ಸಾಲದ ಕಂತು ಮಾತ್ರ ಎದ್ದು ಹೋಗಲಿಲ್ಲ. ಆ ಮಂದಿರ ನಡೆಸಲು ನಗರಸಭೆ ವರ್ಷವರ್ಷವೂ ಕೈಯಿಂದ ಹಣ ಹಾಕುತ್ತಲೇ ಬಂದಿತು.

"ಅತ್ತೆ, ಇದು ಬಿಸಿನೆಸ್ಸು. ಇದರಲ್ಲಿ ಅಳುವುದೇನಿದೆ? ಚೆನ್ನಾಗಿ ಆಡುವವರು ಎಲ್ಲಿದ್ದರೂ ಗೆಲ್ಲುತ್ತಾರೆ" ಎನ್ನುತ್ತಾನೆ ನನ್ನ ಅಳಿಯ. ಅವನಿಗೆ ಉತ್ತರವಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ಊಟಕ್ಕೆ ಕುಳಿತಾಗ ವಾದ ಮಾಡಿದರೆ ಮಗಳು ಬೈಯುತ್ತಾಳೆ.

ಚೆನ್ನಾಗಿ ಆಡುವವರು ಆಕಾಶದಿಂದ ಉದುರುವುದಿಲ್ಲ. ಅವರನ್ನು ಹುಡುಕಿ ಕರೆತರಬೇಕು. ಅದು ಥೇಟ್ ನಮ್ಮಲ್ಲಿ ಸಂಬಂಧ ಕುದುರಿಸಿದ ಹಾಗೆ. ಕೋಚು ಹುಡುಗನ ಮನೆಗೆ ಬರುತ್ತಾನೆ, ತಾಯಿ ಮಾಡಿದ ಅಡುಗೆ ಹೊಗಳುತ್ತಾನೆ, ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಮನೆಯವರು ಕೇಳುವುದು ಮೂರು ಪ್ರಶ್ನೆ. ಖರ್ಚು ಯಾರದು? ಯಾರ ಮೇಲೆ ಆಡುತ್ತಾನೆ? ಅವನ ಆಟ ಯಾರು ನೋಡುತ್ತಾರೆ? ಮೊದಲನೆಯದಕ್ಕೆ ಎಲ್ಲರ ಉತ್ತರವೂ ಹೆಚ್ಚು ಕಡಿಮೆ ಒಂದೇ ಇತ್ತು. 2025ರವರೆಗೆ ಯಾವ ತಂಡವೂ ಹದಿನೆಂಟು ಪೂರ್ಣ ಸ್ಕಾಲರ್‌ಶಿಪ್ಪಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ವ್ಯತ್ಯಾಸವಿದ್ದದ್ದು ಉಳಿದ ಎರಡರಲ್ಲಿ. ಪಾಲಾಗುವ ಮೊದಲು ಬೆಮಿಜಿಯ ಕೋಚು ಎದೆ ತಟ್ಟಿ ಹೇಳಬಹುದಿತ್ತು: "ನಮ್ಮಲ್ಲಿಗೆ ಬಂದರೂ ನೀನು ಮಿನ್ನೆಸೋಟಾದ ಮೇಲೆ, ನಾರ್ತ್ ಡಕೋಟಾದ ಮೇಲೆಯೇ ಆಡುತ್ತೀ." 2013ರ ನಂತರ ಆ ಮಾತು ಹೇಳಲು ಅವನ ಬಳಿ ಉಳಿಯಲಿಲ್ಲ. ಅದೇ ಹುಡುಗನ ಮನೆಗೆ ಬಿಗ್ ಟೆನ್ನಿನ ಕೋಚು ಹೋದರೆ ತಮ್ಮದೇ ಟೀವಿ ಚಾನೆಲ್ಲಿನ ಹೆಸರು ಹೇಳಿದರೆ ಸಾಕು. ಒಬ್ಬನ ಕೈಯ ಮಾತನ್ನು ಕಿತ್ತುಕೊಂಡು, ಆಮೇಲೆ ಇಬ್ಬರಿಗೂ ಸಮ ಸ್ಪರ್ಧೆ ಎನ್ನುವುದು ಯಾವ ನ್ಯಾಯ, ನೀವೇ ಹೇಳಿ.

ಅಳಿಯನ ಬತ್ತಳಿಕೆಯಲ್ಲೂ ಬಾಣಗಳಿವೆ. 2014ರಲ್ಲಿ, ಪಾಲಾದ ಮೊದಲ ವರ್ಷವೇ, ಆಟಕ್ಕೆಂದು ಸ್ಕಾಲರ್‌ಶಿಪ್ಪೇ ಕೊಡದ ಯೂನಿಯನ್ ಎಂಬ ಪುಟ್ಟ ಕಾಲೇಜು ಫೈನಲ್ಲಿನಲ್ಲಿ ಮಿನ್ನೆಸೋಟಾವನ್ನು 7-4ರಿಂದ ಸೋಲಿಸಿತು. 2023ರಲ್ಲಿ ಕ್ವಿನಿಪಿಯಾಕ್ ಕೂಡ ಅದೇ ಮಿನ್ನೆಸೋಟಾಕ್ಕೆ ಅದೇ ಶಾಸ್ತಿ ಮಾಡಿತು. ಬಿಗ್ ಟೆನ್ ಲೀಗು ಶುರುವಾದ ಮೇಲೆ 2025ರವರೆಗೆ ಅದರ ಒಂದು ತಂಡವೂ ಪುರುಷರ ರಾಷ್ಟ್ರೀಯ ಕಪ್ಪು ಗೆಲ್ಲಲಿಲ್ಲ. ಎಲ್ಲ ನಿಜ. ಇಷ್ಟಕ್ಕೂ ಚಿಕ್ಕವರು ಗೆದ್ದದ್ದು ಹೇಗೆ? ಬಹಳ ಸಣ್ಣ ಕಾಲೇಜುಗಳು ಇಪ್ಪತ್ತು ಇಪ್ಪತ್ತೊಂದು ವರ್ಷದ, ಯಾರೂ ಕರೆಯದ, ಜೂನಿಯರ್ ಲೀಗುಗಳಲ್ಲಿ ಮೈ ಸವೆಸಿ ಗಟ್ಟಿಯಾದ ಹುಡುಗರನ್ನು ಆರಿಸುತ್ತವೆ. ದೊಡ್ಡವರು ಹದಿನೆಂಟರ ಜಾಣ ಮರಿಗಳನ್ನು. ತಾಳ್ಮೆಗೂ ಒಂದು ದಿನ ಬರುತ್ತದೆ. ಆದರೆ ಬಡವರ ಮನೆಯ ಹುಡುಗ ಬೀದಿದೀಪದ ಕೆಳಗೆ ಓದಿ ರ್‍ಯಾಂಕ್ ಬಂದ ಎಂದು ಎಲ್ಲರ ಮನೆಯ ದೀಪ ಆರಿಸಬಹುದೆ? ಅಲ್ಲದೆ, ಕಪ್ಪು ಗೆಲ್ಲಲಾಗದ ಬಿಗ್ ಟೆನ್ನಿಗೆ ಕ್ರೀಡಾಂಗಣ ತುಂಬಲೂ ಆಗಲಿಲ್ಲ. ಹಳೆಯ ಒಕ್ಕೂಟದ ಕೊನೆಯ ಪಂದ್ಯಗಳಿಗೆ ಸೇಂಟ್ ಪಾಲ್‌ನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. 2014ರಲ್ಲಿ ಅದೇ ಜಾಗದಲ್ಲಿ ಬಿಗ್ ಟೆನ್ ತನ್ನ ಪಂದ್ಯಾವಳಿ ನಡೆಸಿದಾಗ ಟೀವಿಯಲ್ಲಿ ನಾನು ನೋಡಿದ್ದು ಖಾಲಿ ಕುರ್ಚಿಗಳನ್ನು. ನೆರೆಹೊರೆಯ ಜಗಳವನ್ನು ನೋಡಲು ಜನ ಬರುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕುಗಳ ಜಗಳವನ್ನು ಯಾರು ನೋಡುತ್ತಾರೆ!

ಬೆಮಿಜಿಯ ಮೇಲೂ ನನಗೆ ಕೋಪವಿದೆ. ಮೊದಲು ಸೊಸೆಯಾಗಿ ಅತ್ತವಳು ಆಮೇಲೆ ತಾನೇ ಗಯ್ಯಾಳಿ ಅತ್ತೆಯಾಗುವುದನ್ನು ನಾವು ನೋಡಿಲ್ಲವೆ? 2019ರ ಜೂನಿನಲ್ಲಿ ಬೆಮಿಜಿಯೂ ಸೇರಿ ಏಳು ತಂಡಗಳು, ಅಲಾಸ್ಕದ ಎರಡನ್ನೂ ಅಲಬಾಮಾದ ಹಂಟ್ಸ್‌ವಿಲ್ ತಂಡವನ್ನೂ ಬಿಟ್ಟು ಹೊರಟವು. 2021ರಲ್ಲಿ ಸಿಸಿಎಚ್‌ಎ ಎಂಬ ಸತ್ತ ಹೆಸರಿಗೆ ಮತ್ತೆ ಜೀವ ಕೊಟ್ಟು ಹೊಸ ಒಕ್ಕೂಟ ಮಾಡಿಕೊಂಡವು. ವಿಮಾನದ ಖರ್ಚು ತಾಳಲಾರೆವು ಎಂಬ ಕಾರಣ. ಹಂಟ್ಸ್‌ವಿಲ್ ತಂಡ ಸೇರಿಸಿಕೊಳ್ಳುವವರಿಲ್ಲದೆ 2021ರ ಮೇ ತಿಂಗಳಲ್ಲಿ ಆಟ ನಿಲ್ಲಿಸಿತು. ಆಂಕರೇಜಿನ ತಂಡವನ್ನು ವಿಶ್ವವಿದ್ಯಾಲಯವೇ ಮುಚ್ಚಹೊರಟಾಗ ಊರ ಜನ 30 ಲಕ್ಷ ಡಾಲರ್ ಕೂಡಿಸಿ ಉಳಿಸಿಕೊಂಡರು. ಅದು 2022ರಲ್ಲಿ ಮತ್ತೆ ಮಂಜಿಗಿಳಿಯಿತು, ಒಕ್ಕೂಟವಿಲ್ಲದ ಒಂಟಿಯಾಗಿ. ಒಕ್ಕೂಟವಿಲ್ಲದ ತಂಡಕ್ಕೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ, ಯೋಚಿಸಿ. ಇನ್ನೊಬ್ಬರು ಕರೆದರೆ ಮಾತ್ರ ಆಟ.

ಇಷ್ಟೆಲ್ಲ ಹುಡುಗರ ಮಾತಾಯಿತು. ನನ್ನ ಹೊಟ್ಟೆ ಉರಿದದ್ದು ಬೇರೆ ಕಡೆ.

ಬೆಮಿಜಿಯಿಂದ ಪಶ್ಚಿಮಕ್ಕೆ ಎರಡು ಗಂಟೆ ದಾರಿ ಗ್ರ್ಯಾಂಡ್ ಫೋರ್ಕ್ಸ್. ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ಊರು. ಅಲ್ಲಿನ ಹಾಕಿ ಮಂದಿರವನ್ನು ಕ್ಯಾಸಿನೊ ಮಾಲೀಕ ರಾಲ್ಫ್ ಎಂಗಲ್‌ಸ್ಟ್ಯಾಡ್ ಹತ್ತು ಕೋಟಿ ಡಾಲರಿಗೂ ಮೀರಿ ಖರ್ಚು ಮಾಡಿ ಕಟ್ಟಿಸಿದ್ದು, 2001ರಲ್ಲಿ ತೆರೆಯಿತು. ಕೂರುವ ಆಸನಕ್ಕೂ ಚರ್ಮದ ಹೊದಿಕೆ. ಆ ಊರಿನ ಅವಳಿ ಹುಡುಗಿಯರು ಜೋಸ್ಲಿನ್ ಮತ್ತು ಮೋನಿಕ್ ಲಾಮರೂ. ಅಪ್ಪ ಅದೇ ವಿಶ್ವವಿದ್ಯಾಲಯದ ಗೋಲ್‌ಕೀಪರ್ ಆಗಿದ್ದವರು, ಅಣ್ಣಂದಿರು ನಾಲ್ವರೂ ಹಾಕಿ ಆಡುವವರು. ಅವಳಿಗಳು ಮೊದಲು ಮಿನ್ನೆಸೋಟಾಕ್ಕೆ ಹೋಗಿ, ಒಂದು ವರ್ಷದ ನಂತರ 2009ರಲ್ಲಿ ತವರಿನ ತಂಡಕ್ಕೆ ಬಂದರು. ಇಬ್ಬರು ಬಂದರೆ ಏನಾಗುತ್ತದೆ ನೋಡಿ: 2012, 2013 ಎರಡು ವರ್ಷವೂ ನಾರ್ತ್ ಡಕೋಟಾದ ಹುಡುಗಿಯರು ರಾಷ್ಟ್ರೀಯ ಪಂದ್ಯಾವಳಿಗೆ ಹೋದರು. 2013ರಲ್ಲಿ, ಆ ವರ್ಷ ಒಂದೂ ಆಟ ಸೋಲದ ಮಿನ್ನೆಸೋಟಾವನ್ನು ಮೂರು ಹೆಚ್ಚುವರಿ ಅವಧಿಯವರೆಗೆ ಎಳೆದು 3-2ರಿಂದಷ್ಟೇ ಸೋತರು. ನನ್ನ ಮೊಮ್ಮಗಳ ಮಂಚದ ತಲೆಗೆ ಆ ಅವಳಿಗಳ ಚಿತ್ರವಿತ್ತು. ಅದರ ಪಕ್ಕದಲ್ಲಿ ನಾನು ಕೊಟ್ಟ ಗಣಪತಿ.

2017ರ ಮಾರ್ಚಿನಲ್ಲಿ ನಾರ್ತ್ ಡಕೋಟಾ ವಿಶ್ವವಿದ್ಯಾಲಯ ತನ್ನ ಮಹಿಳಾ ಹಾಕಿ ತಂಡವನ್ನು ಮುಚ್ಚಿಬಿಟ್ಟಿತು. ಜೊತೆಗೆ ಈಜು ತಂಡಗಳನ್ನೂ. ರಾಜ್ಯದ ಬೊಕ್ಕಸಕ್ಕೆ ಬರ ಬಂದಿತ್ತು, ಒಪ್ಪುತ್ತೇನೆ. ಆದರೆ ಆರು ವರ್ಷದ ಹಿಂದೆ ದೊಡ್ಡವರ ಸಮಕ್ಕೆ ನಿಲ್ಲಬೇಕೆಂದು ಹೊಸ ಒಕ್ಕೂಟ ಕಟ್ಟಿದ ವಿಶ್ವವಿದ್ಯಾಲಯವಲ್ಲವೆ ಅದು? ಆ ಒಕ್ಕೂಟ ಗಂಡುಮಕ್ಕಳದ್ದು ಮಾತ್ರ. ಸಮಕ್ಕೆ ನಿಲ್ಲುವ ಓಟದಲ್ಲಿ ಹೊರೆ ಕಡಿಮೆ ಮಾಡಬೇಕೆಂದಾಗ ಮೊದಲು ಇಳಿಸಿದ ಮೂಟೆ ಯಾವುದು? ಹತ್ತು ವರ್ಷದ ಮೊಮ್ಮಗಳು ಕೇಳಿದ್ದು ಒಂದೇ ಮಾತು: "ಅಜ್ಜೀ, ಹುಡುಗರ ಟೀಮು ಯಾಕೆ ಮುಚ್ಚಲಿಲ್ಲ?" ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಬಾಯಿ ಕಟ್ಟಿಹೋಯಿತು.

ಹನ್ನೊಂದು ತಿಂಗಳ ನಂತರ, 2018ರ ಫೆಬ್ರವರಿಯಲ್ಲಿ, ಕೊರಿಯಾದ ಪ್ಯೊಂಗ್‌ಚಾಂಗಿನಲ್ಲಿ ಒಲಿಂಪಿಕ್ ಫೈನಲ್. ಕೆನಡಾದ ಮೇಲೆ ಸೋಲುತ್ತಿದ್ದ ಅಮೆರಿಕಕ್ಕೆ ಸಮ ಮಾಡುವ ಗೋಲು ಹೊಡೆದವಳು ಮೋನಿಕ್. ಶೂಟೌಟಿನಲ್ಲಿ ಗೆಲುವಿನ ಗೋಲು ಹೊಡೆದವಳು ಜೋಸ್ಲಿನ್. ಇಪ್ಪತ್ತು ವರ್ಷದ ನಂತರ ದೇಶಕ್ಕೆ ಚಿನ್ನ ತಂದರು, ಮುಚ್ಚಿದ ಮನೆಯ ಹೆಣ್ಣುಮಕ್ಕಳು.

ಹೆಣ್ಣುಮಕ್ಕಳ ಡಬ್ಲ್ಯುಸಿಎಚ್‌ಎ ಇಂದಿಗೂ ಒಡೆದಿಲ್ಲ. ಪುರುಷರದ್ದು ಎರಡು ಸಲ ಪಾಲಾಗಿ 2021ರಲ್ಲಿ ಅಳಿದುಹೋಯಿತು, ಹುಡುಗಿಯರದ್ದು ಉಳಿಯಿತು. ಪ್ರೀತಿಯಿಂದ ಉಳಿಸಿದರು ಎಂದುಕೊಳ್ಳಬೇಡಿ. ಪಾಲು ಕೇಳುವಷ್ಟು ಆಸ್ತಿ ಅಲ್ಲಿರಲಿಲ್ಲ. ಪೆಗುಲಾ ಹಣದಿಂದ ಪೆನ್ ಸ್ಟೇಟ್‌ನಲ್ಲಿ ಮಹಿಳಾ ತಂಡವೂ ಹುಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಬಿಗ್ ಟೆನ್ನಿನಲ್ಲಿ ಮಹಿಳಾ ಹಾಕಿ ತಂಡಗಳಿದ್ದದ್ದು ನಾಲ್ಕೇ. ಹೀಗಾಗಿ ಮಿನ್ನೆಸೋಟಾ, ವಿಸ್ಕಾನ್ಸಿನ್, ಓಹಾಯೋ ಸ್ಟೇಟ್ ಹುಡುಗಿಯರು ಈಗಲೂ ಬೆಮಿಜಿಯ ಅಂಗಳಕ್ಕೆ ಬಂದು ಆಡುತ್ತಾರೆ. ಅಲ್ಲೇನು ರಾಮರಾಜ್ಯವಿಲ್ಲ: 2019ರಿಂದ 2025ರವರೆಗಿನ ಎಲ್ಲ ಕಪ್ಪುಗಳನ್ನೂ ವಿಸ್ಕಾನ್ಸಿನ್, ಓಹಾಯೋ ಸ್ಟೇಟ್ ಎರಡೇ ಹಂಚಿಕೊಂಡವು. ಆದರೆ 2015ರ ಮಾರ್ಚಿನಲ್ಲಿ ಒಕ್ಕೂಟದ ಸೆಮಿಫೈನಲ್ಲಿನಲ್ಲಿ ಬೆಮಿಜಿಯ ಹುಡುಗಿಯರು ಮಿನ್ನೆಸೋಟಾವನ್ನು 1-0ರಿಂದ ಸೋಲಿಸಿದರು. ಆ ವರ್ಷದ ರಾಷ್ಟ್ರೀಯ ಕಪ್ಪು ಗೆದ್ದ ಮಿನ್ನೆಸೋಟಾವನ್ನೇ! ಎದುರುಬದುರು ನಿಲ್ಲಿಸಿದರೆ ತಾನೇ ಒಂದು ದಿನವಾದರೂ ಸೋಲಿಸಲು ಸಾಧ್ಯ? ಆ ರಾತ್ರಿ ಆಸ್ಪತ್ರೆಯಿಂದ ಬಂದ ಮಗಳು ಎಂದೂ ಇಲ್ಲದವಳು ಬಾಗಿಲಲ್ಲೇ ಕುಣಿದಳು.

2025ರಿಂದ ನಿಯಮಗಳೆಲ್ಲ ಸಡಿಲವಾಗಿವೆ. ಸ್ಕಾಲರ್‌ಶಿಪ್ಪಿನ ಹದಿನೆಂಟರ ಮಿತಿ ಹೋಯಿತು. ಕೆನಡಾದ ದೊಡ್ಡ ಜೂನಿಯರ್ ಲೀಗುಗಳ ಹುಡುಗರೂ ಬರಬಹುದು ಎಂದಾಯಿತು. ಆ ಜುಲೈನಲ್ಲಿ ಗ್ಯಾವಿನ್ ಮೆಕೆನ್ನಾ ಎಂಬ ಹದಿನೇಳರ ಹುಡುಗ ಕಾಲೇಜು ಆರಿಸಿಕೊಂಡ. ಯಾವುದು? ಪೆನ್ ಸ್ಟೇಟ್! ಅವನಿಗೆ ಸಿಗುವುದು ಏಳು ಲಕ್ಷ ಡಾಲರಿನಷ್ಟು ಎಂದು ಪತ್ರಿಕೆಗಳು ಬರೆದವು. ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನು ನನ್ನ ಮೊಮ್ಮಗಳ ಓರಗೆಯವನು. ಇಬ್ಬರೂ 2007ರಲ್ಲಿ ಹುಟ್ಟಿದವರು.

ಅವಳೂ ಆ ಬೇಸಿಗೆಯಲ್ಲೇ ಕಾಲೇಜು ಸೇರಿದಳು. ಗ್ರ್ಯಾಂಡ್ ಫೋರ್ಕ್ಸಿಗೆ ಹೋಗಲು ಅಲ್ಲಿ ತಂಡವಿಲ್ಲ. ಸೇರಿದ್ದು ಮೂರನೆಯ ದರ್ಜೆಯ ಒಂದು ಸಣ್ಣ ಕಾಲೇಜು. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ, ಶುಲ್ಕ ನಾವೇ ಕಟ್ಟಬೇಕು. ಅವಳು ಗೋಲ್‌ಕೀಪರ್. ಮೊದಲ ಚಳಿಗಾಲದಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತಿದ್ದಳು. ಇದು ಬಿಸಿನೆಸ್ಸು ಎನ್ನುವ ನನ್ನ ಅಳಿಯ ಆದರೂ ಶುಕ್ರವಾರ ಸಂಜೆ ಹಿಮದಲ್ಲಿ ಮೂರು ಗಂಟೆ ಕಾರು ಓಡಿಸಿಕೊಂಡು ಹೋಗುತ್ತಿದ್ದ, ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬ ಹಿಡಿದುಕೊಂಡು ನಾನು.