ಒಲೆಗೆ ಬುದ್ಧಿ ಬಂದರೆ ಸಾಲದು

ಹೊಸೂರಿನ ಕಾರ್ಖಾನೆಗಳಲ್ಲಿ ಉಕ್ಕಿನ ಬಿಡಿಭಾಗ ಹದಗೊಳಿಸಲಿಕ್ಕೆ, ಬಣ್ಣ ಒಣಗಿಸಲಿಕ್ಕೆ, ಬಾಯ್ಲರಿಗೆ ಬೆಂಕಿ ಬೇಕೇ ಬೇಕು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಂದಿನಿಂದ ಅಲ್ಲಿ ದುಡಿದವರಲ್ಲಿ ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಇದ್ದಾರೆ. ಈಗ ಬೆಂಕಿ ಕಾಯುವ ಕೆಲಸ ಯಂತ್ರದ ಪಾಲಾಗುತ್ತಿದೆ. ಇದರಿಂದ ಗ್ಯಾಸ್ ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ತಾನಾಗಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಪಾಲು ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 10 ಪಾಲು ಗಾಳಿ ಬೇಕು. ಕಡಿಮೆಯಾದರೆ ವಿಷದ ಕಾರ್ಬನ್ ಮಾನಾಕ್ಸೈಡ್. ಅತಿಯಾದರೆ ಶಾಖವೆಲ್ಲ ಚಿಮಣಿ ಪಾಲು. ಹೊಗೆಯಲ್ಲಿನ ಆಮ್ಲಜನಕ ಅಳೆದು ಈ ಪ್ರಮಾಣವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವುದು ಯಂತ್ರಕ್ಕೆ ಸುಲಭ, ರಾತ್ರಿಪಾಳಿಯಲ್ಲಿ ದಣಿದ ಮನುಷ್ಯನಿಗೆ ಕಷ್ಟ. ಬಣ್ಣ ಹೊಡೆಯುವುದು ರೋಬೋಟ್ ಆದರೆ, ಉಸಿರಾಡುವವರಿಗಾಗಿ ಹೊರಗಿನ ಗಾಳಿಯನ್ನು ಅಷ್ಟೊಂದು ತಂದು ಕಾಯಿಸುವ ಪ್ರಮೇಯವೂ ಇಲ್ಲ.

ಇನ್ನೊಂದು ಮುಖವನ್ನೂ ನೋಡಬೇಕು. ಒಂದೊಂದು ಬಿಡಿಭಾಗಕ್ಕೆ ತಗಲುವ ಗ್ಯಾಸ್ ಇಳಿದರೆ ಮಾಲೀಕರು ಮೂರು ಪಾಳಿಯೂ ಫರ್ನೇಸ್ ಓಡಿಸಬಹುದು. ಒಟ್ಟು ಬಳಕೆ ಏರಿದರೂ ಏರೀತು. ಕಲ್ಲಿದ್ದಲಿನ ಬಗ್ಗೆ ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಈ ಮಾತು ಹೇಳಿದ್ದ. ನಮ್ಮ ದೇಶ ಬಳಸುವ ಅನಿಲದಲ್ಲಿ ಸುಮಾರು ಅರ್ಧ ಆಮದಿನದು. ಕೊಚ್ಚಿ-ಬೆಂಗಳೂರು ಕೊಳವೆಮಾರ್ಗವನ್ನು ಹೊಸೂರು ಇರುವ ಕೃಷ್ಣಗಿರಿಯೂ ಸೇರಿ ತಮಿಳುನಾಡಿನ 7 ಜಿಲ್ಲೆಗಳ ರೈತರು ವಿರೋಧಿಸಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಕೊಳವೆಯ ಪರ ನಿಂತಿತು. ರೈತನ ಹೊಲ ಸೀಳಿ ಬರಬೇಕಾದ ಅನಿಲ ಚಿಮಣಿಯಲ್ಲಿ ಪೋಲಾಗುವುದು ಅನ್ಯಾಯ.

ಎಲ್ಲಕ್ಕಿಂತ ಮುಖ್ಯ, ಯಂತ್ರದ ಪಕ್ಕದ ಮನುಷ್ಯ. ಅಳೆಯುವ ಉಪಕರಣ ಕೆಟ್ಟರೆ ಯಂತ್ರ ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ. ಜ್ವಾಲೆ ಆರಿದೊಡನೆ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಪದೇಪದೇ ಕೆಲಸ ನಿಲ್ಲಿಸುತ್ತದೆಂದು ಯಾರಾದರೂ ತಂತಿ ಜೋಡಿಸಿ ಅದನ್ನು ತಪ್ಪಿಸಿದರೆ, ಒಳಗೆ ತುಂಬಿದ ಗ್ಯಾಸ್ ಸಿಡಿಯಲು ಒಂದು ಕಿಡಿ ಸಾಕು. ‘ಕಂಪ್ಯೂಟರ್ ಎಲ್ಲಾ ನೋಡ್ಕೊಳ್ಳುತ್ತೆ ಬಿಡ್ರಿ’ ಅನ್ನೋ ಉಡಾಫೆ ಇಲ್ಲಿ ನಡೆಯೋದಿಲ್ಲ.

ಹೀಗಾಗಿ ಗ್ಯಾಸ್ ಬಿಲ್ಲಿನಲ್ಲಿ ಉಳಿದ ಹಣದ ಒಂದು ಪಾಲು ಕಾರ್ಮಿಕರ ತರಬೇತಿಗೆ ಹೋಗಬೇಕು. ಬೆಂಕಿ ಕಾಯುತ್ತಿದ್ದವರನ್ನು ಮನೆಗೆ ಕಳುಹಿಸುವ ಬದಲು ಬರ್ನರ್, ಸೆನ್ಸರ್ ಪರೀಕ್ಷಿಸುವುದನ್ನು ಕಲಿಸಲಿ. ಸುರಕ್ಷತೆಯ ಪಾಠವೂ ಎಚ್ಚರಿಕೆಯ ಫಲಕವೂ ತಮಿಳು, ಇಂಗ್ಲಿಷಿನ ಜತೆ ಕನ್ನಡ, ತೆಲುಗಿನಲ್ಲೂ ಇರಲಿ. ಇದು ಭಾಷೆಯ ಜಗಳವಲ್ಲ, ಜೀವದ ಪ್ರಶ್ನೆ. ಗ್ಯಾಸ್ ಸೋರಿದಾಗ ಯಾವ ಕವಾಟ ಮುಚ್ಚಬೇಕೆಂದು ಕಾರ್ಮಿಕನಿಗೆ ಅವನ ಮಾತಿನಲ್ಲೇ ಗೊತ್ತಿರಬೇಕು.