ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಾವಸರದಲ್ಲಿ, ಇಲ್ಲಿ ಅಕ್ಷರ ಕಲಿತು ವೈದ್ಯರಾದವರನ್ನು, ಅಧ್ಯಾಪಕರಾದವರನ್ನು, ಯಕ್ಷಗಾನ ರಂಗದಲ್ಲಿ ಹೆಸರು ಗಳಿಸಿದವರನ್ನು ಅಭಿಮಾನದಿಂದ ನೆನೆಯುವುದು ಸಹಜವೂ ಉಚಿತವೂ ಆಗಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ನಡುವೆಯೇ ಶಾಲೆ ಬಿಟ್ಟುಹೋದ ಮಕ್ಕಳನ್ನು ಯಾವ ಸ್ಮರಣ ಸಂಚಿಕೆಯೂ ನೆನೆಯುವುದಿಲ್ಲ. ಅಂಥವರಲ್ಲಿ ಒಬ್ಬನ ಋಣ ನನ್ನ ಮೇಲಿದೆ. ಆ ಋಣದ ಭಾರವೇ ಈ ಲೇಖನವನ್ನು ಬರೆಯಿಸುತ್ತಿದೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕುಳಿತಲ್ಲಿ ಕುಳಿತಿರಲು ಅವನಿಂದ ಸಾಧ್ಯವಾಗುತ್ತಿರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಿದ್ದ. ಕಾಪಿ ಪುಸ್ತಕದ ಯಾವ ಪುಟವೂ ಕೊನೆಯ ಸಾಲನ್ನು ಕಂಡದ್ದಿಲ್ಲ. ಒಂದೇ ಮಳೆಗಾಲದಲ್ಲಿ ಮೂರು ಕೊಡೆ ಕಳೆದುಕೊಂಡು, ಮನೆಯಲ್ಲಿಯೂ ಪೆಟ್ಟು ತಿಂದ. ಅದೇ ಹುಡುಗ ಹಿಂದಿನ ರಾತ್ರಿ ನೋಡಿದ ಆಟವನ್ನು ವೇಷ, ಮಾತು, ಕುಣಿತಗಳ ಸಹಿತ ಅಂಗಳದಲ್ಲಿ ಆಡಿ ತೋರಿಸುತ್ತಿದ್ದ. ಅದಕ್ಕೆ ಇರುವ ಗಮನ ಪಾಠಕ್ಕೆ ಏಕಿಲ್ಲ? ಇದು ಕೊಬ್ಬಲ್ಲದೆ ಬೇರೇನೂ ಅಲ್ಲವೆಂದು ನಾನು ತೀರ್ಮಾನಿಸಿದೆ. ಬೆತ್ತ ಹಿಡಿದೆ, ಬೆಂಚಿನ ಮೇಲೆ ನಿಲ್ಲಿಸಿದೆ, ಕೊನೆಗೆ ಕೊನೆಯ ಬೆಂಚಿಗೆ ಕಳುಹಿಸಿದೆ. ಏಳನೆಯ ತರಗತಿಯ ಓಣಂ ರಜೆಯ ಬಳಿಕ ಅವನು ಬರಲಿಲ್ಲ. ತರಗತಿ ಶಾಂತವಾಯಿತೆಂದು ನಾನು ಸಮಾಧಾನಪಟ್ಟೆನೆಂಬುದನ್ನು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನಮ್ಮ ಊರಿನ ಮಾತಿನಲ್ಲಿ ಅಂಥ ಮಗುವಿಗೆ ‘ಲೂಟಿ ಮಗು’ ಎನ್ನುತ್ತೇವೆ. ಎಲ್ಲ ಲೂಟಿಯೂ ಕಾಯಿಲೆಯಲ್ಲ. ಆಟವಾಡದ ಮಗು ಮಗುವೇ ಅಲ್ಲ. ಆದರೆ ಕೆಲವು ಮಕ್ಕಳಲ್ಲಿ ಗಮನವನ್ನು ಬೇಕಾದಲ್ಲಿ ನಿಲ್ಲಿಸುವ, ಕೈಕಾಲುಗಳನ್ನೂ ಮಾತನ್ನೂ ತಡೆದಿಡುವ ಶಕ್ತಿ ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲ. ಇದನ್ನು ವೈದ್ಯರು ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ ಹಾಗೂ ಅತಿ ಚಟುವಟಿಕೆಯ ತೊಂದರೆ ಎನ್ನುತ್ತಾರೆ. ಲಂಡನ್ನಿನ ಮಕ್ಕಳ ವೈದ್ಯರಾದ ಜಾರ್ಜ್ ಸ್ಟಿಲ್ ಅವರು 1902ರಲ್ಲಿಯೇ ಇಂತಹ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದ್ದರು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದು 1987ರಲ್ಲಿ. ನನ್ನ ಕಿವಿಗೆ ಅದು ಬಿದ್ದದ್ದು ನಿವೃತ್ತಿಯ ಅಂಚಿನಲ್ಲಿ.

ಜಗತ್ತಿನ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆಯಿರುವುದು ಕಂಡುಬಂದಿದೆ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು, ಆರು ತಿಂಗಳಾದರೂ ನಿಂತಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ಕಾಣಿಸಬೇಕು ಎಂಬುದು ವೈದ್ಯರ ನಿಯಮ. ಆದುದರಿಂದ ಒಂದು ದಿನದ ತಂಟೆಯನ್ನು ಕಂಡು ಅಧ್ಯಾಪಕರಾಗಲಿ ನೆರೆಯವರಾಗಲಿ ಈ ಹೆಸರನ್ನು ಅಂಟಿಸಬಾರದು. ಇನ್ನೊಂದು ಮಾತು: ಹೆಣ್ಣು ಮಕ್ಕಳಲ್ಲಿ ಇದು ಅನೇಕ ವೇಳೆ ಓಡಾಟವಾಗಿ ಕಾಣದೆ, ಕಿಟಕಿಯ ಹೊರಗೆ ನೋಡುತ್ತಾ ಕುಳಿತ ಮೌನವಾಗಿ ಕಾಣುತ್ತದೆ. ಅಂತಹ ಹುಡುಗಿಯನ್ನು ‘ಪಾಪದವಳು’ ಎಂದು ಹೊಗಳಿ ನಾವು ಮರೆತುಬಿಡುತ್ತೇವೆ.

ಕಾರಣವನ್ನು ಕುರಿತು ನಮ್ಮಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ಮೊದಲನೆಯದು, ತಾಯಿಯ ಮುದ್ದು ಹೆಚ್ಚಾಯಿತೆಂಬುದು. ಅವಳಿ ಮಕ್ಕಳ ಅಧ್ಯಯನಗಳು ಈ ತೊಂದರೆಯಲ್ಲಿ ಆನುವಂಶಿಕತೆಯ ಪಾತ್ರ ಬಹು ದೊಡ್ಡದೆಂದು ತೋರಿಸಿವೆ. ಮುದ್ದಿನಿಂದಾಗಲಿ ಸಕ್ಕರೆಯಿಂದಾಗಲಿ ಇದು ಹುಟ್ಟುವುದಿಲ್ಲ. ಎರಡನೆಯದು ನಮ್ಮ ಕಾಸರಗೋಡಿನಂತಹ ಗಡಿನಾಡಿಗೇ ವಿಶಿಷ್ಟವಾದುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಇಷ್ಟು ಭಾಷೆಗಳ ನಡುವೆ ಮಗುವಿನ ತಲೆ ಕೆಟ್ಟಿದೆ, ಕನ್ನಡ ಮಾಧ್ಯಮ ಬಿಡಿಸಿದರೆ ಸರಿಹೋದೀತು ಎಂಬ ಉಪದೇಶವನ್ನು ಕೊಡುವವರು ಬೇಕಾದಷ್ಟಿದ್ದಾರೆ. ಹಲವು ಭಾಷೆಗಳನ್ನಾಡುವುದು ಈ ತೊಂದರೆಗೆ ಕಾರಣವಲ್ಲ. ಹಾಗಾಗಿದ್ದರೆ ಏಳು ಭಾಷೆಗಳ ಈ ನಾಡಿನಲ್ಲಿ ನಾವು ಯಾರೂ ಒಂದೆಡೆ ಕುಳಿತು ಉಣ್ಣಲಾರೆವಾಗಿದ್ದೆವು. ಶಾಲೆ ಬದಲಿಸಿದರೆ ತೊಂದರೆ ಮಗುವಿನೊಂದಿಗೆ ಹೊಸ ಶಾಲೆಗೂ ಹೋಗುತ್ತದೆ. ಹಿಂದೆ ಉಳಿಯುವುದು ಮಗುವಿಗೆ ಅರ್ಥವಾಗುತ್ತಿದ್ದ ಮಾತು ಮಾತ್ರ.

ಇನ್ನು ನಮ್ಮ ಶಾಲೆಗಳ ಮಾತು. ಪ್ರತಿ ಜೂನಿನಲ್ಲಿ ಆರನೆಯ ಕೆಲಸದ ದಿನದ ತಲೆ ಎಣಿಕೆಯ ಮೇಲೆ ನಮ್ಮ ಅಧ್ಯಾಪಕ ಹುದ್ದೆಗಳು ನಿಂತಿವೆ. ಒಂದು ಡಿವಿಜನ್ ಉಳಿಸಿಕೊಳ್ಳಲು ಮನೆಮನೆಗೆ ನಡೆದು ಮಕ್ಕಳನ್ನು ಕರೆತರುತ್ತೇವೆ. 1956ರಿಂದಲೂ ಭಾಷೆಗಾಗಿ ಮೆರವಣಿಗೆ ಮಾಡಿದ್ದೇವೆ, ಮನವಿ ಸಲ್ಲಿಸಿದ್ದೇವೆ. ಆದರೆ ಜೂನಿನಲ್ಲಿ ಕೈಹಿಡಿದು ಕರೆತಂದ ಮಗುವನ್ನೇ ಅಕ್ಟೋಬರಿನಲ್ಲಿ ಕೊನೆಯ ಬೆಂಚಿಗೆ ತಳ್ಳುವುದಾದರೆ ಆ ಹೋರಾಟಕ್ಕೆ ಏನು ಅರ್ಥ? ಕನ್ನಡ ಶಾಲೆಯನ್ನು ಉಳಿಸುವುದೆಂದರೆ ಅದರೊಳಗಿನ ಪ್ರತಿಯೊಂದು ಮಗುವನ್ನೂ ಉಳಿಸುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಬೇಕಾದುದು ಹಣವಲ್ಲ, ಕ್ರಮ. ಮಗುವನ್ನು ಕಿಟಕಿ ಬಾಗಿಲುಗಳಿಂದ ದೂರ, ಅಧ್ಯಾಪಕರ ಮೇಜಿನ ಹತ್ತಿರ, ಶಾಂತ ಸ್ವಭಾವದ ಗೆಳೆಯನ ಪಕ್ಕದಲ್ಲಿ ಕುಳ್ಳಿರಿಸಬೇಕು. ಹತ್ತು ಲೆಕ್ಕಗಳನ್ನು ಒಮ್ಮೆಗೇ ಕೊಡದೆ ಮೂರು ಕೊಟ್ಟು, ನೋಡಿ, ಮತ್ತೆ ಮೂರು ಕೊಡಬೇಕು. ಒಂದು ಬಾರಿಗೆ ಒಂದೇ ಸೂಚನೆ, ಅದೂ ಮಗುವಿನ ಮುಖ ನೋಡಿ ಹೇಳಬೇಕು. ಪುಸ್ತಕ ಹಂಚಲು, ಸೀಮೆಸುಣ್ಣ ತರಲು ಅವನನ್ನೇ ಎಬ್ಬಿಸಿದರೆ ಚಡಪಡಿಸುವ ಕಾಲಿಗೆ ಮರ್ಯಾದೆಯ ಕೆಲಸ ಸಿಗುತ್ತದೆ. ಮಾಡಿದ್ದನ್ನು ಆ ಕ್ಷಣದಲ್ಲಿಯೇ ಮೆಚ್ಚಬೇಕು. ವರ್ಷದ ಕೊನೆಯ ಬಹುಮಾನ ಇಂತಹ ಮಗುವಿಗೆ ಬಹಳ ದೂರ.

ಮನೆಯಲ್ಲಿಯೂ ಹಾಗೆಯೇ. ಏಳುವುದು, ಉಣ್ಣುವುದು, ಓದುವುದು, ಮಲಗುವುದು ದಿನವೂ ಒಂದೇ ಹೊತ್ತಿಗೆ ನಡೆಯಲಿ. ಚೀಲವನ್ನು ರಾತ್ರಿಯೇ ತುಂಬಿಸಿ ಬಾಗಿಲ ಬಳಿ ಇಡಿಸಿರಿ. ಓದುವ ಹೊತ್ತಿನಲ್ಲಿ ಟಿ.ವಿ., ಮೊಬೈಲುಗಳು ಹಿರಿಯರ ಕೈಯಲ್ಲಿಯೂ ಬೇಡ. ಅಜ್ಜಿ ಸಡಿಲಿಸಿದ ನಿಯಮವನ್ನು ಅಪ್ಪ ಬಿಗಿಗೊಳಿಸುವಂತಾದರೆ ಮಗು ಕಂಗೆಡುತ್ತದೆ. ಮನೆಯ ಹಿರಿಯರೆಲ್ಲ ಒಂದೇ ಮಾತಾಡಬೇಕು. ಒಂದು ಸಣ್ಣ ಪುಸ್ತಕ ಮನೆ ಮತ್ತು ಶಾಲೆಯ ನಡುವೆ ದಿನವೂ ಓಡಾಡಲಿ. ಅದರಲ್ಲಿ ದೂರಿನ ಜೊತೆಗೆ ಒಂದಾದರೂ ಒಳ್ಳೆಯ ಮಾತು ಇರಲೇಬೇಕು.

ಇಷ್ಟರಿಂದ ಸಾಲದಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಈ ತೊಂದರೆಯೂ ಸೇರಿದೆ. ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೆ ಹೋದರೂ ಮಗುವಿನೊಡನೆ ಅದಕ್ಕೆ ತಿಳಿಯುವ ಭಾಷೆಯಲ್ಲಿ ಮಾತಾಡುವಂತೆ ಕೇಳಿಕೊಳ್ಳಿರಿ. ಭಾಷೆ ತಿಳಿಯದೆ ಸುಮ್ಮನಿದ್ದ ಮಗುವನ್ನು ಗಮನವಿಲ್ಲದ ಮಗುವೆಂದು ಬಗೆಯುವ ಅಪಾಯವಿದೆ. ತೀರ ಎಳೆಯ ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಕೊಡುವ ತರಬೇತಿಯೇ ಮೊದಲ ಚಿಕಿತ್ಸೆ. ದೊಡ್ಡ ಮಕ್ಕಳಿಗೆ ಔಷಧಿಯಿಂದ ಅನೇಕ ವೇಳೆ ಒಳ್ಳೆಯ ಪ್ರಯೋಜನವಾಗುತ್ತದೆ. ಹಸಿವು, ನಿದ್ರೆ ಕಡಿಮೆಯಾಗುವುದುಂಟು. ಆದುದರಿಂದ ತೂಕ, ಎತ್ತರಗಳನ್ನು ನೋಡಿಸುತ್ತಾ ತಜ್ಞರ ಸಲಹೆಯಂತೆ ಮಾತ್ರ ಅದನ್ನು ಕೊಡಬೇಕು, ತಾನಾಗಿ ನಿಲ್ಲಿಸಲೂಬಾರದು.

ಬೆತ್ತದ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೊಂಕು ಮಾತಿನ ಬೆತ್ತ ಮಾತ್ರ ಇನ್ನೂ ನಮ್ಮ ನಾಲಗೆಯಲ್ಲಿ ಉಳಿದಿದೆ.

ಮಹೋತ್ಸವದ ಪೂರ್ವಭಾವಿ ಸಭೆಯ ದಿನ ಶಾಲೆಯ ಅಂಗಳದಲ್ಲಿ ಒಬ್ಬರು ಗೂಡ್ಸ್ ರಿಕ್ಷಾ ನಿಲ್ಲಿಸಿ ನನ್ನ ಬಳಿಗೆ ಬಂದರು. ಗುರುತು ಹಿಡಿಯಲು ಹೊತ್ತು ಬೇಕಾಯಿತು. ಕೈಯಲ್ಲಿ ಮೂರನೇ ತರಗತಿಯ ಮಗ. “ಮಾಸ್ಟ್ರೇ, ಇವನೂ ನನ್ನ ಹಾಗೆಯೇ. ಟೀಚರ್ರು ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ. ಈಗ ಓದ್ತಾನೆ” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ತಪ್ಪಾಯಿತೆಂದು ಅಂದು ಹೇಳಲಾರದೆ ಹೋದುದನ್ನು ಇಲ್ಲಿ ಬರೆದಿದ್ದೇನೆ.

ಹಳೆ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮಹಾದ್ವಾರಕ್ಕೂ ರಂಗಮಂಟಪಕ್ಕೂ ಉದಾರವಾಗಿ ನೀಡಿದ್ದೀರಿ. ಅದರ ಒಂದು ಸಣ್ಣ ಪಾಲನ್ನು ಇಂತಹ ಮಕ್ಕಳಿಗಾಗಿ ತೆಗೆದಿಡೋಣ. ವೈದ್ಯರಲ್ಲಿಗೆ ಹೋಗಿಬರುವ ಖರ್ಚಿಗೆ, ವರ್ಷಕ್ಕೆರಡು ಬಾರಿ ಕನ್ನಡ ಬಲ್ಲ ತಜ್ಞರನ್ನು ರಕ್ಷಕ ಶಿಕ್ಷಕ ಸಂಘದ ಸಭೆಗೆ ಕರೆತರುವುದಕ್ಕೆ ಅದು ಸಾಕು. ವಜ್ರ ಮಹೋತ್ಸವದ ಸಂಚಿಕೆ ಹೊರಬರುವಾಗ, ನಡುವೆ ಬಿಟ್ಟುಹೋದವರ ಪಟ್ಟಿಯಲ್ಲಿ ಒಂದೇ ಒಂದು ಹೆಸರೂ ಇಲ್ಲದಿರಲೆಂದು ಹಾರೈಸುತ್ತೇನೆ.