ಮನೆಯ ಯಂತ್ರ ವಿಚಾರ: ಇಂಜಿನ್ನಿನ ಗಾಳಿ ಎಲ್ಲಿ ಸೋರುವದು?

ಧಾರವಾಡದ ಹಳೆಯ ಊರಿನ ಹೆಬ್ಬಳ್ಳಿ ಅಗಸಿಯ ಹೆಸರನ್ನು ಕೇಳದವರು ನಮ್ಮ ಭಾಗದಲ್ಲಿ ವಿರಳ. ಆ ಅಗಸಿಗೆ ಹೆಸರಾದ ಹೆಬ್ಬಳ್ಳಿಯು ಎರೆಭೂಮಿಯ ಗ್ರಾಮ. ಅಂಥ ಊರುಗಳ ಒಕ್ಕಲುತನದಲ್ಲಿ ಈಗ ಎತ್ತಿನೊಡನೆ ಟ್ರ್ಯಾಕ್ಟರೂ ದುಡಿಯುವದು. ಎತ್ತು ಮೇವು ಬಿಟ್ಟರೆ ಮನೆಮಂದಿಗೆಲ್ಲ ಚಿಂತೆ. ಟ್ರ್ಯಾಕ್ಟರು ಹೊಗೆಯುಗುಳಿ ಬಲಗುಂದಿದರೂ ಚಿಂತೆ ಅಷ್ಟೇ. ಎರೆಯ ಹದವಾದರೋ ಕೆಲವೇ ದಿನಗಳದು. ಅಂಥ ವೇಳೆಯಲ್ಲಿ “ಇಂಜಿನ್ನು ಬಿಚ್ಚಿ ಬೋರು ಮಾಡಿಸಬೇಕು” ಎಂಬ ಮಾತು ಬಂದರೆ, ಮನೆಯೊಡತಿಯ ಬಂಗಾರವು ಒತ್ತೆಗೆ ಹೋಗುವದೂ ಉಂಟು. ಆದುದರಿಂದ ಆ ಮಾತಿಗೆ ಒಪ್ಪುವ ಮುನ್ನ ಕೇಳತಕ್ಕ ಒಂದು ಪ್ರಶ್ನೆಯನ್ನು ಈ ಸಲ ವಾಚಕರ ಮುಂದಿಡುವೆವು: ಗಾಳಿ ಸೋರುವದೆಲ್ಲಿ?

ಗಾಳಿಯ ಮಾತೇಕೆ? ಜರ್ಮನಿಯ ರುಡಾಲ್ಫ್ ಡೀಸೆಲ್ಲನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ನಡೆಯಿಸಿ ತೋರಿಸಿದ ಇಂಜಿನ್ನಿನ ಮರ್ಮವೆಲ್ಲ ಗಾಳಿಯಲ್ಲಿಯೇ ಇರುವದು. ಅದರಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಪಿಸ್ಟನ್ನು ಗಾಳಿಯನ್ನು ಬಲವಾಗಿ ಒತ್ತುವದು. ಒತ್ತಡದಿಂದಲೇ ಗಾಳಿಯು 500 ಡಿಗ್ರಿಗೂ ಮಿಕ್ಕು ಕಾಯುವದು. ಆ ಕಾವಿಗೆ ಎಣ್ಣೆ ಉರಿಯುವದು. ಸಿಲಿಂಡರಿನ ಗಾಳಿ ಸೋರಿದರೆ ಒತ್ತಡ ಕುಂದುವದು, ಕಾವು ತಗ್ಗುವದು, ಬಲವೂ ಹೋಗುವದು. ಈ ಇಂಜಿನ್ನುಗಳು ನಮ್ಮವರಿಗೆ ಹೊಸವಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯೋಗವನ್ನಾರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಇವುಗಳ ಕಾರಖಾನೆಯನ್ನೇ ತೆರೆದರು.

ಸೈಕಲ್ಲಿನ ಟ್ಯೂಬು ಪಂಕ್ಚರಾದಾಗ ಅಂಗಡಿಯವನು ಅದಕ್ಕೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸುವದನ್ನು ಮಕ್ಕಳೂ ಬಲ್ಲರು. ಗುಳ್ಳೆ ಎದ್ದಲ್ಲಿಯೇ ತೂತು. ಲೀಕ್‌ಡೌನ್ ಟೆಸ್ಟರ್ ಎಂಬ ಉಪಕರಣದ ತತ್ತ್ವವೂ ಇದೇ. ಇದರಲ್ಲಿ ಎರಡು ಗೇಜುಗಳಿದ್ದು, ಅವುಗಳ ನಡುವೆ ಒಂದು ಸೂಕ್ಷ್ಮ ರಂಧ್ರವಿರುವದು. ಇಂಜಿನ್ನನ್ನು ತುಸು ನಡೆಯಿಸಿ ಬೆಚ್ಚಗೆ ಮಾಡಿ ನಿಲ್ಲಿಸಿ, ಇಂಜೆಕ್ಟರನ್ನು ಕಳಚಿ ಅಲ್ಲಿ ನಳಿಗೆಯನ್ನು ಜೋಡಿಸತಕ್ಕದ್ದು. ಪಿಸ್ಟನ್ನು ಗಾಳಿಯನ್ನು ಒತ್ತಿ ಮೇಲ್ತುದಿಗೆ ಬಂದು, ವಾಲ್ವುಗಳೆಲ್ಲ ಮುಚ್ಚಿರುವಾಗ ಕಂಪ್ರೆಸರಿನ ಗಾಳಿಯನ್ನು ಬಿಡುವದು. ಮೊದಲ ಗೇಜು 7 ಕಿಲೋ ತೋರಿಸಿ ಎರಡನೆಯದು 6.3 ತೋರಿಸಿದರೆ ಸೋರಿಕೆ ನೂರಕ್ಕೆ 10, 4.9 ತೋರಿಸಿದರೆ ನೂರಕ್ಕೆ 30. ಯಾವ ಇಂಜಿನ್ನಿನಲ್ಲಾದರೂ ಸ್ವಲ್ಪ ಸೋರಿಕೆ ಸಹಜವೇ. ಸಾಧಾರಣವಾಗಿ 10ರೊಳಗಿದ್ದರೆ ಒಳ್ಳೆಯದು, 20ನ್ನು ದಾಟಿದರೆ ಲಕ್ಷ್ಯ ಕೊಡಬೇಕು, 30ನ್ನು ಮೀರಿದರೆ ದುರಸ್ತಿ ಬೇಕು. ಒಂದು ಸಿಲಿಂಡರನ್ನು ಮತ್ತೊಂದರೊಡನೆ ಹೋಲಿಸುವದು ಇನ್ನೂ ಉತ್ತಮ.

ಆದರೆ ಅಂಕಿಗಿಂತ ಕಿವಿಯ ಸಾಕ್ಷಿಯೇ ಮಿಗಿಲು. ಗಾಳಿ ಒಳಸೇರುವ ಕೊಳವೆಯಲ್ಲಿ ಸುಯ್ಯೆಂಬ ಸಪ್ಪಳವಾದರೆ ಒಳವಾಲ್ವು ಸೋರುವದು. ಹೊಗೆಯ ಕೊಳವೆಯಲ್ಲಾದರೆ ಹೊರವಾಲ್ವು. ಆಯಿಲ್ ಹಾಕುವ ಬಾಯಿಯಲ್ಲಾದರೆ ಪಿಸ್ಟನ್ನಿನ ರಿಂಗುಗಳೋ ಬೋರೋ ಸವೆದಿರಬಹುದು. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆ, ಇಲ್ಲವೆ ಹೆಡ್ಡು ಬಿರಿದಿದೆ. ಇವೆಲ್ಲವುಗಳ ವೆಚ್ಚ ಒಂದೇ ಅಲ್ಲ. ವಾಲ್ವು ಸೋರಿದರೆ ಮೊದಲು ಟ್ಯಾಪೆಟ್ಟಿನ ಸಂದನ್ನು ಅಳೆಯಬೇಕು; ಅದು ತೀರ ಬಿಗಿಯಾಗಿದ್ದರೆ ಸಡಿಲಿಸುವದರಿಂದಲೇ ಕೆಲಸವಾಗಬಹುದು. ಗ್ಯಾಸ್ಕೆಟ್ಟಿಗೆ ಹೆಡ್ಡು ಬಿಚ್ಚಿದರೆ ಸಾಕು. ರಿಂಗು-ಬೋರುಗಳದೇ ದೋಷವೆಂದು ಕಂಡಾಗ ಮಾತ್ರ ದೊಡ್ಡ ಖರ್ಚಿನ ಮಾತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 10 ಸೆಂಟಿಮೀಟರು ಅಗಲದ ಪಿಸ್ಟನ್ನಿನ ಮೇಲೆ 7 ಕಿಲೋ ಒತ್ತಡದ ಗಾಳಿಯು ಸುಮಾರು 550 ಕಿಲೋ ಭಾರದಷ್ಟು ಬಲವನ್ನು ಹಾಕುವದು. ಪಿಸ್ಟನ್ನು ಮೇಲ್ತುದಿಯಿಂದ ತುಸು ಸರಿದಿದ್ದರೂ ಇಂಜಿನ್ನು ತಟ್ಟನೆ ತಿರುಗೀತು. ಪಾನಾ, ಹ್ಯಾಂಡಲ್ಲುಗಳನ್ನು ತೆಗೆದಿಟ್ಟು, ಫ್ಯಾನು ಬೆಲ್ಟುಗಳಿಂದ ಕೈ ದೂರವಿರಲಿ. ಮಕ್ಕಳನ್ನು ಹತ್ತಿರ ಬಿಡಬಾರದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು. ಅದು ತಣಿದ ಬಳಿಕವೇ ಗುಳ್ಳೆಯನ್ನು ನೋಡತಕ್ಕದ್ದು. ಈ ಪರೀಕ್ಷೆಯು ಬಲ್ಲ ಮಿಸ್ತ್ರಿಯ ಕೆಲಸವೇ ಹೊರತು ಅಂಗಳದ ಪ್ರಯೋಗವಲ್ಲ.

ಈ ಉಪಕರಣವು ಎಲ್ಲ ರೋಗವನ್ನೂ ಹೇಳದು. ಇಂಜೆಕ್ಟರು ಕೆಟ್ಟಿದ್ದರೂ, ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದ್ದರೂ ಕರಿಹೊಗೆ ಬರುವದು. ಅವನ್ನು ಇದು ತೋರಿಸದು. ಆದರೆ ಸೋರಿಕೆ ಅಲ್ಪವೆಂದು ಕಂಡರೆ, ದೋಷವನ್ನು ಬೇರೆಡೆಗೆ ಹುಡುಕಬೇಕೆಂಬ ತಿಳಿವಾದರೂ ದೊರೆಯುವದು. ಅದೇ ದೊಡ್ಡ ಲಾಭ.

ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವದಿಲ್ಲ. ಹೊಗೆಯನ್ನು ಮಾತ್ರ ನೋಡಿ ಇಂಜಿನ್ನಿನ ಹೊಟ್ಟೆ ಸೀಳಲು ಹೊರಟವರನ್ನೂ ತುಸು ತಡೆದು, “ಸೋರಿಕೆ ಎಷ್ಟು? ಎಲ್ಲಿ?” ಎಂದು ಕೇಳುವದು ಮನೆಯ ಹಿರಿಯರ ಹಕ್ಕು, ಗಂಟಿನ ಲೆಕ್ಕವನ್ನಿಡುವ ಗೃಹಿಣಿಯ ಹಕ್ಕೂ ಅಹುದು. ಕೆಲವು ತಾಸಿನ ಪರೀಕ್ಷೆಯಿಂದ ಒಂದು ವರ್ಷದ ಉಳಿತಾಯವು ಉಳಿದೀತು.